ನಗುವಿಗೆ ಮೊದಲು

“ನಗು ಇನ್ನೂ ಜಾಸ್ತೀನೇ ಆಯ್ತು ಕಣೆ ತೂಲಿಯಾ,” ಎಂದ ಜೊತೆ ಕೆಲಸದ ಒಸ್ಸಿ, ಅವಳ ಕುರ್ಚಿಯ ಬೆನ್ನಿಗೆ ಮೊಣಕೈ ಊರಿ. “ನಮ್ಮ ತಾಂಪೆರೆ ಊರಲ್ಲಿ ಲಾಟರಿ ಹೊಡೆದವ್ರೂ ಇಷ್ಟು ಹಲ್ಲು ಬಿಡಲ್ಲ. ಇಳಿಸು.”

ಪರದೆಯ ಮೇಲೆ ಒಬ್ಬ ತಾಯಿ ಬಾಗಿಲು ತೆರೆದು ನಿಂತಿದ್ದಳು. ಅವರು ಮಾಡುತ್ತಿದ್ದ ಕಂಪ್ಯೂಟರ್ ಆಟದಲ್ಲಿ, ಬಹಳ ದಿನಗಳ ಮೇಲೆ ಅವಳ ಮಗಳು ಮನೆಗೆ ಮರಳುವ ಗಳಿಗೆ ಅದು. ಆ ಮುಖವನ್ನು ಆಡಿಸುವುದು ತೂಲಿಯಾಳ ಕೆಲಸ. ತುಟಿಯಂಚನ್ನು ಇಳಿಸಿದಳು. ಕೆನ್ನೆ ಇಳಿಸಿದಳು. ಹುಬ್ಬನ್ನು ಕೂದಲೆಳೆಯಷ್ಟು ತಗ್ಗಿಸಿದಳು.

“ತಡಿ ತಡಿ. ಮೊದಲಿಂದ ಓಡಿಸು.”

ಬಾಗಿಲು ತೆರೆಯಿತು. ಸಣ್ಣ ನಗುವೊಂದು ಬಂತು. ಆದರೆ ಅದಕ್ಕೆ ಮೊದಲು ಮೇಲಿನ ರೆಪ್ಪೆಗಳು ತುಸುವೇ ಎದ್ದು, ಹಾಗೆಯೇ ನಿಂತವು.

“ಇವಳ್ಯಾಕೆ ಹೆದರಿಕೊಂಡಿದ್ದಾಳೆ?”

“ಹೆದರಿಲ್ಲ. ಖುಷಿಯಾಗಿದ್ದಾಳೆ.”

“ಖುಷಿ ಆಮೇಲೆ ಬಂತು. ಸ್ವಂತ ಮಗಳನ್ನ ಕಂಡು ಹೆದರ್ತಾರಾ? ಕಥೇಲಿ ಹಾಗಿಲ್ವಲ್ಲ. ಬೇಕಂತಲೇ ಹಾಕಿದ್ಯಾ?”

“ನಾನು ಹಾಕಿಲ್ಲ.”

“ಮತ್ತೆ ನಿಮ್ಮಜ್ಜಿ ಬಂದು ಹಾಕಿದ್ರಾ?” ಒಸ್ಸಿ ನಕ್ಕ. “ನೋಡೋಕೆ ಚೆನ್ನಾಗೇನೋ ಇದೆ. ಇಡ್ತೀಯೋ ತೆಗೀತೀಯೋ, ಸೋಮವಾರ ಹೇಳು.”

ಅವನು ಕಾಫಿಗೆ ಹೋದ ಮೇಲೆ ತೂಲಿಯಾ ತನ್ನ ಮಾದರಿ ವಿಡಿಯೋ ತೆರೆದಳು. ಅದರಲ್ಲಿದ್ದುದು ಅವಳದೇ ಮುಖ. ಮಗಳು ಸಿಲ್ಯಾ ಒಂದು ವಾರ ಇವಳ ಮನೆಯಲ್ಲಿ, ಒಂದು ವಾರ ಅವರಪ್ಪನ ಮನೆಯಲ್ಲಿ. ಕಳೆದ ಸಲ ಅವಳು ಮರಳುವ ಹೊತ್ತಿಗೆ ತೂಲಿಯಾ ಬಾಗಿಲ ಪಕ್ಕದ ಗೂಡಿನಲ್ಲಿ ಫೋನ್ ಇಟ್ಟು ತನ್ನ ಮುಖವನ್ನು ಚಿತ್ರೀಕರಿಸಿಕೊಂಡಿದ್ದಳು. ನಿಜವಾದ ಸಂತೋಷ ಸಿಗುತ್ತದಲ್ಲ ಎಂದು. ಅದನ್ನೇ ನೋಡಿ ನೋಡಿ, ಇದ್ದದ್ದು ಇದ್ದಂತೆ ಆಟದ ತಾಯಿಬೊಂಬೆಗೆ ಇಳಿಸಿದ್ದಳು.

ಈಗ ಪರದೆಯ ಮೇಲಿನ ತನ್ನ ಬಾಯನ್ನು ಅಂಗೈಯಿಂದ ಮುಚ್ಚಿದಳು. ಕಣ್ಣುಗಳಷ್ಟೇ ಉಳಿದವು. ಏನನ್ನು ಹುಡುಕುತ್ತಿದ್ದವು ಅವು? ಅವತ್ತು ಓಡಿಹೋಗಿ ಬಾಗಿಲು ತೆಗೆದದ್ದು ನೆನಪಿತ್ತು, ಹೆದರಿದ್ದು ನೆನಪಿರಲಿಲ್ಲ. ಸಿಲ್ಯಾಳ ಅಪ್ಪನ ಮನೆಗೆ ಹೊಸದಾಗಿ ನಾಯಿಮರಿ ಬಂದದ್ದು ಆ ವಾರವೇ. ಅದಕ್ಕೂ ಇದಕ್ಕೂ ಏನು? ಮೇಜಿನ ಮೇಲಿನ ಪುಟ್ಟ ಕನ್ನಡಿಯಲ್ಲಿ ರೆಪ್ಪೆ ಎತ್ತಿ ನೋಡಿಕೊಂಡಳು. ಹಾಗೆ ಬರಲಿಲ್ಲ. ಬೊಂಬೆಯ ರೆಪ್ಪೆಯನ್ನು ಕೆಳಗಿಳಿಸಿದಳು. ಪರದೆಯ ತಾಯಿ, ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲಿಸಿದ ಗೊಂಬೆಯಂತೆ ನಕ್ಕಳು. ತೂಲಿಯಾ ರೆಪ್ಪೆಯನ್ನು ಮತ್ತೆ ಎತ್ತಿದಳು. ಯಾವುದು ಸುಳ್ಳು ಎಂದು ತಿಳಿಯಲಿಲ್ಲ.

ಅಂದು ಶುಕ್ರವಾರ, ಸಿಲ್ಯಾ ಬರುವ ದಿನ. ಸಂಜೆ ಮನೆಯಲ್ಲಿ ಒಲೆಯ ಮೇಲೆ ಹಾಲು ಹಾಕಿದ ಮೀನಿನ ಸಾರು ಕುದಿಯುತ್ತಿತ್ತು. ಬಾಗಿಲ ಗಂಟೆ ಸದ್ದಾಯಿತು. ತೂಲಿಯಾ ಕೈ ಒರೆಸಿಕೊಂಡು ಬಾಗಿಲ ಮುಂದೆ ನಿಂತಳು. ಎಷ್ಟು ನಗಬೇಕು? ನಗುವ ಮೊದಲು ಕಣ್ಣನ್ನು ಏನು ಮಾಡಬೇಕು? ಏನೂ ತೋಚದೆ ಬಾಗಿಲು ತೆಗೆದಳು.

ಟೋಪಿಯ ಮೇಲೆ ಹಿಮ ಹೊತ್ತು ಮಗಳು ನಿಂತಿದ್ದಳು. ಮೊದಲು ಅಮ್ಮನ ಮುಖ ನೋಡಿದಳು. ಅವಳ ಮೇಲಿನ ರೆಪ್ಪೆಗಳು ತುಸುವೇ ಎದ್ದು, ಹಾಗೆಯೇ ನಿಂತವು. ಆಮೇಲೆ ನಗು ಬಂತು.

“ಅಮ್ಮಾ, ಯಾಕ್ ಹಂಗ್ ನೋಡ್ತೀಯಾ?”

“ಹೆಂಗೆ?”

“ಗೊತ್ತಿಲ್ಲಪ್ಪ.” ಸಿಲ್ಯಾ ಮೂಗು ಅರಳಿಸಿದಳು. “ಮೀನಿನ ಸಾರಾ? ಆಲೂಗಡ್ಡೆ ಜಾಸ್ತಿ ಹಾಕಿದೀಯಾ ತಾನೆ?”

“ಹಾಕಿದೀನಿ ಪುಟ್ಟಿ. ಬಾ ಒಳಗೆ, ಚಳಿ.”

ಒದ್ದೆ ಕೈಗವಸುಗಳನ್ನು ಅಮ್ಮನ ಕೈಗೆ ತುರುಕಿ ಹುಡುಗಿ ಅಡುಗೆಮನೆಗೆ ಓಡಿದಳು. ಉಣ್ಣೆಗೆ ನಾಯಿಯ ಬಿಳಿ ಕೂದಲು ಅಂಟಿಕೊಂಡಿತ್ತು. ತೂಲಿಯಾ ಒಂದನ್ನು ಉಗುರಿನಿಂದ ಎತ್ತಲು ಹೋದಳು. ಅರ್ಧ ಎದ್ದದ್ದನ್ನು ಹಾಗೇ ಬಿಟ್ಟು, ಕೈಗವಸುಗಳನ್ನು ಹೀಟರಿನ ಮೇಲೆ ಒಣಹಾಕಿದಳು.