ಗ್ಲಿನ್ ನೆಟ್ಟ ಗೂಟ

ನನ್ನ ಗಂಡ ಇಡ್ರಿಸ್ ಸತ್ತದ್ದು ಗಣಿಯೊಳಗೆ ಬೆಂಕಿ ಬಿದ್ದು. ಬೆಂಕಿ ಆರಲಿಲ್ಲವೆಂದು ಏಳು ಜನರನ್ನು ಒಳಗೇ ಬಿಟ್ಟು ಇಟ್ಟಿಗೆಯ ಗೋಡೆ ಕಟ್ಟಿಬಿಟ್ಟರು. ಹೆಣವೂ ಇಲ್ಲ, ಗೋರಿಯೂ ಇಲ್ಲ. ಬೇರೆ ದಾರಿ ಇರಲಿಲ್ಲವೆಂದು ಗೊತ್ತಿದ್ದೂ ಗೋಡೆ ಕಟ್ಟಿದವರನ್ನು ಇವತ್ತಿಗೂ ಬೈಯುತ್ತೇನೆ.

ಗಣಿ ಮುಚ್ಚಿತು. ಕೆಲವು ವರ್ಷ ಕಳೆದ ಮೇಲೆ ಕಲ್ಲಿದ್ದಲಿನ ಕಸದ ಗುಡ್ಡವನ್ನು ಸಮ ಮಾಡಿ ಊರವರೇ ಅಲ್ಲಿ ಕಾಡು ಬೆಳೆಸುವುದೆಂದಾಯಿತು. ಮನೆಗೊಂದು ಸಸಿ. ಇಡ್ರಿಸ್ ಯಾವ ಜಾಗದ ಕೆಳಗಿದ್ದಾನೆ, ಅಳೆದು ತೋರಿಸು ಎಂದು ಗ್ಲಿನ್‌ನನ್ನು ಕೇಳಿದೆ. ಗಣಿಯ ನಕ್ಷೆ ಬರೆಯುತ್ತಿದ್ದವನು ಅವನೇ. ಹಗ್ಗ ಎಳೆದ, ಹೆಜ್ಜೆ ಎಣಿಸಿದ, ಒಂದು ಗೂಟ ನೆಟ್ಟು, ಇದರ ನೇರ ಕೆಳಗೆ ಎಂದ. ಅಲ್ಲಿ ಬರ್ಚ್ ಸಸಿ ನೆಟ್ಟೆ. ಅಷ್ಟು ಸಾಲದೆಂದು ಮೇಲಿನ ಬೀದಿಯ ಮನೆ ಮಾರಿ, ಕಾಡಿನ ಬಾಗಿಲಲ್ಲೇ ಒಂದು ತೇವ ಹಿಡಿದ ಗೂಡಿನಂಥ ಮನೆ ಕೊಂಡೆ. ಗಂಡನ ಹತ್ತಿರ ಇರಬೇಕಲ್ಲ!

ಮೂವತ್ತು ವರ್ಷ. ಪ್ರತಿ ಭಾನುವಾರ ಚಾಪೆಲಿನ ಪ್ರಾರ್ಥನೆ ಮುಗಿಸಿ ಫ್ಲಾಸ್ಕಿನಲ್ಲಿ ಚಹಾ ಒಯ್ದು ಮರದ ಬುಡದಲ್ಲಿ ಕೂತು ಎಲ್ಲವನ್ನೂ ಅವನಿಗೆ ಹೇಳಿದೆ. ಮಗಳ ಮದುವೆ, ನನ್ನ ಮೊಣಕಾಲು ನೋವು, ಪಾದ್ರಿಯ ಬೇಸುರದ ದನಿ, ಎಲ್ಲ.

ಹೋದ ಮಂಗಳವಾರ ಗ್ಲಿನ್ ಹೇಳಿಕಳಿಸಿದ, ಅವನ ಮನೆಗೆ ಹೋದೆ. ಧೂಳು ತಿಂದ ಎದೆ, ಮೂಗಿಗೆ ಆಮ್ಲಜನಕದ ಕೊಳವೆ. ಇನ್ನೆರಡು ದಿನದವನು ಅನ್ನುವುದು ನೋಡಿದರೇ ತಿಳಿಯುತ್ತಿತ್ತು.

"ನೆಸ್ತಾ, ಆ ಗೂಟ ನಾನು ಸುಮ್ನೆ ನೆಟ್ಟಿದ್ದು ಕಣೆ. ಇಡ್ರಿಸ್ ಅಲ್ಲಿಲ್ಲ."

"ಮತ್ತೆಲ್ಲಿದಾನೋ?"

"ನಿನ್ನ ಹಳೇ ಮನೆ ಕೆಳಗೆ. ಅಡುಗೆಮನೆಗೆ ನೇರ. ನೀನು ಪುಟ್ಟ ಮಗು ಕಟ್ಕೊಂಡು ದಿನಾ ಅಲ್ಲೇ ಬೇಯಿಸ್ತಿದ್ದೆ. ಹೆಂಗೆ ಹೇಳ್ಲಿ?"

"ಮನೆ ಮಾರುವಾಗ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಅಷ್ಟು ಹೊತ್ತಿಗೆ ನನ್ನ ಸುಳ್ಳು ಹೊರಬೀಳುತ್ತೆ ಅಂತ ಹೆದರಿಕೆ ಆಗಿತ್ತು."

ಸಾಯುವವನ ಮೇಲೆ ಕೈ ಎತ್ತುವುದು ಹೇಗೆ? ಕ್ಷಮಿಸಿದೆ ಅನ್ನು ಎಂದು ಕೈ ಹಿಡಿದುಕೊಂಡ. ಅನ್ನಲಿಲ್ಲ. ಕೈ ಬಿಡಿಸಿಕೊಂಡು ಎದ್ದು ಬಂದೆ.

ಸೀದಾ ಹಳೆಯ ಮನೆಗೆ ಹೋದೆ. ಬಾಗಿಲು ತೆರೆದವಳು ಎಳೆಯ ಹುಡುಗಿ, ಸೊಂಟದಲ್ಲಿ ಕೂಸು. ಹಿಂದೆ ಇಲ್ಲಿದ್ದವಳು, ಅಡುಗೆಮನೆ ಒಂದು ಸಲ ನೋಡಲೇ ಎಂದೆ. ಒಳ್ಳೆಯವಳು, ಕುರ್ಚಿ ಎಳೆದು ಕೂರಿಸಿ ಚಹಾಕ್ಕೆ ನೀರಿಟ್ಟಳು. ಕೂಸನ್ನು ನೆಲದ ಮೇಲೆ ಬಿಟ್ಟಳು. ಅದು ಅಂಬೆಗಾಲಿಡುತ್ತ ಒಲೆಯ ಮುಂದೆ ಹೋಗಿ ಕೂತು ಚಮಚದಿಂದ ನೆಲ ಕುಟ್ಟತೊಡಗಿತು.

ಇಡ್ರಿಸ್, ನಾನು ಬಂದಿದ್ದೇನೆ ಎಂದು ಕೂಗಬೇಕೆನಿಸಿತು.

"ಏನಾಯ್ತಜ್ಜಿ? ಅಳ್ತಿದೀರಾ?" ಎಂದಳು ಹುಡುಗಿ.

ನಾನು ಕೂಸನ್ನು ನೋಡಿದೆ. ಇವಳಿಗೆ ಹೇಗೆ ಹೇಳಲಿ?

"ಏನಿಲ್ಲಮ್ಮ," ಎಂದೆ. "ಈ ಮನೆಯಲ್ಲಿ ಚೆನ್ನಾಗಿ ನಿದ್ದೆ ಬರುತ್ತೆ. ಮಾರಬೇಡ."

ಚಹಾ ಕುಡಿದು ಮುಗಿಸಿ ಇನ್ನೊಂದು ಲೋಟ ಕೇಳಿದೆ. ಅದೂ ಮುಗಿಯಿತು. ಎದ್ದು ಬಂದೆ, ಇಡ್ರಿಸ್‌ಗೆ ಒಂದು ಮಾತೂ ಹೇಳಲಿಲ್ಲ.