ಎಂಟನೆಯ ನಟ್ಟಿನ ಹಳದಿ ಗೀಟು

ಕ್ಲಿಕ್, ಕ್ಲಿಕ್ — ಭಾವ ಪೆನ್ನಿನ ತಲೆ ಒತ್ತುತ್ತಲೇ ಇದ್ದಾನೆ, ಒಮ್ಮೆ ಮೊನೆ ಹೊರಗೆ, ಒಮ್ಮೆ ಒಳಗೆ, ಬಿಲದ ಬಾಯಲ್ಲಿ ಇಣುಕುವ ಇಲಿಯ ಹಾಗೆ, ಆ ಹೆಬ್ಬೆರಳನ್ನು ಕಬ್ಬಿಣ ಕಚ್ಚಿ ಹಿಡಿಯುವ ವೈಸಿಗೆ ಕೊಟ್ಟು ತಿರುಗಿಸಬೇಕು ಎಂದುಕೊಳ್ಳುತ್ತಾಳೆ ಅವಳು, ಮೇಜಿನ ಮೇಲೆ ಚೆಕ್‌ಶೀಟು, ಗುರುತು ಹಾಕಿದವರು ಎಂಬಲ್ಲಿ ಅವನ ಸಹಿ ಆಗಲೇ ಕಾಲು ಚಾಚಿ ಮಲಗಿದೆ, ಬಿಗಿ ಮಾಡಿದವರು ಎಂಬಲ್ಲಿ ಖಾಲಿ, ಸೈನ್ ಹಾಕ್ತೀರೋ, ಕೈ ಹಿಡಿದು ತಿದ್ದಿಸ್ಬೇಕೋ ಮೇಡಂ, ಮೇಡಂ ಅಂತೆ, ಅಕ್ಕನ ಗಂಡ, ಮನೆಯಲ್ಲಿ ಭಾವ, ಬಸ್ಸು ರಿಪೇರಿ ಶೆಡ್ಡಿನಲ್ಲಿ ಫೋರ್‌ಮನ್ ಸಾರ್, ಎರಡೂ ಕಡೆ ಅದೇ ಹೊಟ್ಟೆ, ಅದೇ ನಗು, ಕಿಟಕಿಯಾಚೆ ಬಸ್ಸು ಗುರುಗುಡುತ್ತಿದೆ, ಡ್ರೈವರು ಕನ್ನಡಿ ಒರೆಸುತ್ತಿದ್ದಾನೆ, ಹತ್ತು ನಿಮಿಷಕ್ಕೆ ಗೇಟು ದಾಟಬೇಕು, ಆಮೇಲೆ ಸ್ಟ್ಯಾಂಡಿನಲ್ಲಿ ಕಾದಿರುವ ಐವತ್ತು ಜನ, ಹಿಂದಿನ ಎಡಬದಿಯ ಗಾಲಿಗೆ ಹತ್ತು ನಟ್ಟು, ಬಿಗಿಯಾಯಿತೆಂಬ ಗುರುತಿಗೆ ಹತ್ತು ಹಳದಿ ಗೀಟು, ನಟ್ಟಿನ ತಲೆಯಿಂದ ಗಾಲಿಯ ಮೇಲಕ್ಕೆ ಒಂದೇ ಎಳೆತ, ಎಂಟನೆಯದು ಎಲ್ಲಕ್ಕಿಂತ ನೆಟ್ಟಗಿದೆ.

ಎಂಟನೆಯದು ಕ್ಲಿಕ್ ಅನ್ನಲಿಲ್ಲ. ರೆಂಚು ಅನ್ನಲಿಲ್ಲ, ಅಂದವಳು ಅವಳು. ಉದ್ದ ಹಿಡಿಯ ಆ ರೆಂಚು ಬೇಕಾದಷ್ಟು ಬಿಗಿಯಾದಾಗ ತಾನೇ ಕ್ಲಿಕ್ ಎನ್ನುತ್ತದೆ, ಪಕ್ಕದಲ್ಲಿ ಕುಂಚ ಹಿಡಿದವನು ತನ್ನ ಕಿವಿಯಿಂದ ಅದನ್ನು ಕೇಳಿಯೇ ಗೀಟು ಎಳೆಯಬೇಕು, ಗೋಡೆಯ ಹಲಗೆಯಲ್ಲಿ ಹಾಗೇ ಬರೆದಿದೆ, ಆದರೆ ಕಂಪ್ರೆಸರಿನ ಬೊಬ್ಬೆಯಲ್ಲಿ ಯಾರಿಗೆ ಏನು ಕೇಳುತ್ತದೆ, ಅದಕ್ಕೇ ಯಾವ ಕಾಲದಿಂದಲೋ ಈ ಶೆಡ್ಡಿನ ರೂಢಿ, ರೆಂಚು ಹಿಡಿದವರು ಕೈಗೆ ಆ ಸಣ್ಣ ಒದೆ ಸಿಕ್ಕ ಕೂಡಲೇ ಗಟ್ಟಿಯಾಗಿ ಕ್ಲಿಕ್ ಎಂದು ಕೂಗುವುದು, ಕುಂಚದವನು ಕೂಗಿಗೆ ಗೀಟು ಹಾಕುವುದು, ಏಳು ಸಲ ಒದೆ, ಏಳು ಸಲ ಕೂಗು, ಎಂಟಕ್ಕೆ ರೆಂಚು ಹಾಕಿದಾಗ ಕುಂಚ ಹಿಡಿದಿದ್ದ ಭಾವ ಬಾಗಿ, ಎಲೆ ಅಡಿಕೆ ವಾಸನೆಯ ಬಾಯನ್ನು ಕಿವಿಗೆ ತಂದು, ಮೇಲಿನವರಿಗೆ ಪತ್ರ ಕಳಿಸಾಯ್ತು, ಸೋಮವಾರದಿಂದ ಸ್ಟೋರ್ಸಲ್ಲಿ ಕೂತು ವಾಷರ್ ಜೋಡಿಸ್ಕೊಂಡಿರು, ನಿಮ್ಮಕ್ಕಂಗೂ ಅದೇ ಸಮಾಧಾನ — ಅಕ್ಕನಿಗೆ ಸಮಾಧಾನ, ಬಾಯಿ ತೆಗೆಯಲು ಬಿಟ್ಟಿದ್ದೀಯಾ ಅವಳಿಗೆ — ರೆಂಚು ಹಿಡಿದ ಕೈ ನಿಂತುಹೋಗಿತ್ತು, ಬಾಯಿ ಮಾತ್ರ ನಿಲ್ಲದೆ ತನ್ನ ಪಾಡಿಗೆ ಕೂಗಿತು, ಕ್ಲಿಕ್, ಅವನು ಗೀಟೆಳೆದ, ಅವಳು ಒಂಬತ್ತಕ್ಕೆ ಹೋದಳು.

ಎಷ್ಟು ಕ್ಲಿಕ್ಕುಗಳು ಇವನ ಕೈಯಲ್ಲಿ. ಸೀಟ್ ಬೆಲ್ಟ್ ಹಾಕಿಕೊಂಡು ಕ್ಲಿಕ್ಕನಿಸಿ ನೀನು ಹಿಂದೆ ಕೂತ್ಕೋ ಎನ್ನುವವನು, ಮೌಸು ಒತ್ತಿ ಅವಳ ರಜೆ ಅಳಿಸುವವನು, ಹೋದ ತಿಂಗಳು ಅವಳನ್ನು ನೋಡಲು ಬಂದವರು, ಹುಡುಗ ಸ್ಟುಡಿಯೋದವನು, ಮಾತು ಕಡಿಮೆ, ಕೈಗೆ ಕ್ಯಾಮೆರಾ ಸಿಕ್ಕರೆ ಮಾತ್ರ ಕ್ಲಿಕ್ ಕ್ಲಿಕ್, ಅವರು ಹೋದ ಮೇಲೆ ಭಾವ ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುತ್ತ, ಯಾಕೋ ಕ್ಲಿಕ್ ಆಗ್ಲಿಲ್ವಂತಮ್ಮ, ನಿನ್ ಒರಟು ಅಂಗೈ ನೋಡಿ ಹುಡುಗನ ತಾಯಿ ಗಾಬರಿ ಬಿದ್ರಂತೆ, ಅಕ್ಕ ಎದ್ದು ರೂಮಿಗೆ ಹೋದಳು, ಒಳಗಿಂದ ಚಿಲಕ ಕ್ಲಿಕ್ ಎಂದಿತು, ಆ ಬಾಗಿಲು ನನ್ನ ಮೇಲೆ ಹಾಕಿದ್ದೋ ಅವನ ಮೇಲೋ ಎಂದು ಅವಳು ಇವತ್ತಿಗೂ ಕೇಳಿಲ್ಲ. ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಹೇಳುತ್ತಿದ್ದ, ತೋಳಿಂದ ಬಿಗಿ ಮಾಡ್ಬೇಡ ಮಗಾ, ಕಿವಿಯಿಂದ ಮಾಡು. ಇಡೀ ಶೆಡ್ಡಿನಲ್ಲಿ ಅವಳಿಗೆ ಸ್ವಂತದ್ದು ಎಂದಿರುವುದು ರೆಂಚಿನ ಅದೊಂದೇ ಸದ್ದು. ಈಗ ಬಾಯಿಬಿಟ್ಟರೆ ಇವನು ಗೆದ್ದ, ನೋಡಿ ಸಾರ್ ನಾನ್ ಹೇಳಿರ್ಲಿಲ್ವಾ, ಹೆಂಗಸಿಗೆ ರೆಂಚು ಕೊಟ್ರೆ ಹೀಗೇ ಎಂದು ಮೇಲಿನವರಿಗೆ ಹಲ್ಲು ಕಿರಿಯುತ್ತಾನೆ, ಸ್ಟೋರ್ಸು ಖಾಯಂ, ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಉಳಿದ ಒಂಬತ್ತು ಹಿಡಿದುಕೊಂಡಿರುತ್ತವೆ, ಹಿಡಿದುಕೊಂಡಾವೇ, ಒಂದು ಸಡಿಲವಾದರೆ ಪಕ್ಕದ್ದರ ಮೇಲೆ ಭಾರ, ಆಮೇಲೆ ಅದರ ಪಕ್ಕದ್ದು, ಐವತ್ತು ಜನ, ಹಳದಿ ಗೀಟು, ಎಷ್ಟು ನೆಟ್ಟಗೆ.

ಕ್ಲಿಕ್, ಪೆನ್ನು ಮೂಗಿನ ತನಕ ಬಂತು, ತಗೋ, ಅವಳು ಪೆನ್ನು ತೆಗೆದುಕೊಳ್ಳಲಿಲ್ಲ, ಗೂಟದಿಂದ ರೆಂಚು ತೆಗೆದುಕೊಂಡಳು, ಏಯ್ ಎಲ್ಲಿಗೆ, ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು, ಎಂಜಿನ್ ಆಫ್ ಮಾಡಣ್ಣ, ಡ್ರೈವರು ಕೈಬಟ್ಟೆ ಹೆಗಲಿಗೆ ಹಾಕಿ, ಮತ್ತೇನಕ್ಕಾ, ಟೈಮಾಯ್ತು, ಆಫ್ ಮಾಡು ಅಂದೆ, ಹಿಂದೆ ಭಾವನ ಚಪ್ಪಲಿ ಟಪಟಪ, ಮರ್ಯಾದೆ ತೆಗೀತಿದೀಯ ನೀನು, ಅವಳು ಮೊಣಕಾಲೂರುತ್ತಾಳೆ, ಎಂಟು, ಎಂಟನೇದು ನಾನು ಬಾಯಲ್ಲಿ ಅಂದಿದ್ದು ಭಾವ, ರೆಂಚು ಅಂದಿಲ್ಲ, ನೀವು ಕೇಳಿಸ್ಕೊಳ್ದೇ ಗೀಟು ಹಾಕಿದ್ರಿ, ಶೆಡ್ಡಿನಲ್ಲಿ ಮೊದಲ ಸಲ ಭಾವ ಎಂದಳು, ಬೈಗುಳದ ಹಾಗೆ ಎಂದಳು, ರೆಂಚು ಕೂರಿಸಿ ಮೈಭಾರ ಬಿಟ್ಟರೆ ನಟ್ಟು ಸಲೀಸಾಗಿ ತಿರುಗುತ್ತದೆ, ತಿರುಗುತ್ತಲೇ ಹೋಗುತ್ತದೆ, ಅರ್ಧ ಸುತ್ತು, ಕಂಪ್ರೆಸರು ಇಲ್ಲದ ಬಯಲಿನಲ್ಲಿ, ಎಂಜಿನ್ ಸತ್ತ ಮೌನದಲ್ಲಿ, ಕ್ಲಿಕ್, ಮೂವರಿಗೂ ಕೇಳಿತು. ಅವಳು ಕೂಗಲಿಲ್ಲ. ಚೆಕ್‌ಶೀಟಿನಲ್ಲಿ ಅವನ ಸಹಿಯೂ ಇದೆ, ಸೋಮವಾರ ಸ್ಟೋರ್ಸಿಗೆ ಅವಳೊಬ್ಬಳೇ ಹೋಗುವುದಿಲ್ಲ, ಇಲ್ಲ, ಅವಳೊಬ್ಬಳೇ ಹೋಗಬೇಕಾಗಬಹುದು, ಅವನ ಕೈಯಲ್ಲಿ ಪೆನ್ನು ಸುಮ್ಮನಾಗಿದೆ, ಅವನು ನೋಡುತ್ತಿರುವುದನ್ನೇ ಅವಳೂ ನೋಡುತ್ತಿದ್ದಾಳೆ, ಅವನು ಎಳೆದ ಗೀಟು, ಗಾಲಿಯ ಮೇಲೆ ಅರ್ಧ, ನಟ್ಟಿನ ಜೊತೆ ತಿರುಗಿ ಆಚೆ ಬದಿಗೆ ಹೋದ ಇನ್ನರ್ಧ, ಹಳದಿ, ನಡುವೆ ಬರೀ ಕಬ್ಬಿಣ, ಹಳದಿ.