ಸತ್ಯವತಮ್ಮನ ಕಣ್ಣುರಿಗೆ ಯಾರು ಕಾರಣ?

ಶ್ರೀಗಂಧದ ಕಾವಲು ಬಡಾವಣೆಯ ಸತ್ಯವತಮ್ಮನ ಮನೆಯಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಸ್ವಸಹಾಯ ಸಂಘದ ಹತ್ತು ಹೆಂಗಸರು ಸೇರುತ್ತಾರೆ. ಒಂಬತ್ತು ಜನ ಹೂಬತ್ತಿ ಹೊಸೆಯುತ್ತಾರೆ. ಹತ್ತನೆಯವರು ಮಾತ್ರ ಹತ್ತಿ ಮುಟ್ಟುವ ಹಾಗಿಲ್ಲ, ಅವರ ಕೆಲಸ ಕಾದಂಬರಿ ಓದುವುದು. ಗಟ್ಟಿಯಾಗಿ ಓದುತ್ತಿದ್ದರೆ ಬತ್ತಿಗಳೆಲ್ಲ ಒಂದೇ ಅಳತೆಗೆ ಬರುತ್ತವೆ. ಓದು ನಿಂತರೆ ಮಾತು ಶುರು. ಮಾತು ಶುರುವಾಯಿತೋ, ಒಂದು ಬತ್ತಿ ಸೂಜಿಯಷ್ಟು, ಇನ್ನೊಂದು ಹೆಬ್ಬೆರಳಿನಷ್ಟು.

ಏಳು ವರ್ಷದಿಂದ ಆ ಹತ್ತನೆಯವರು ಸತ್ಯವತಮ್ಮನೇ. ವಯಸ್ಸು ಐವತ್ತೆಂಟು. ಕಳ್ಳನ ಪಾತ್ರ ಬಂದರೆ ಕಳ್ಳನ ದನಿ, ಅತ್ತೆಯ ಪಾತ್ರ ಬಂದರೆ ಅತ್ತೆಯ ದನಿ. ಹೇರೋಹಳ್ಳಿಯ ಚಿಕ್ಕಗಂಗಮ್ಮನಿಗೆ ಎಪ್ಪತ್ತು ದಾಟಿದೆ, ಅಕ್ಷರ ಬರುವುದಿಲ್ಲ. ಆದರೂ ಮಂಡಿ ನೋವು ಅಂತ ದೇವಸ್ಥಾನ ತಪ್ಪಿಸಿಯಾರು, ಶುಕ್ರವಾರದ ಕಥೆ ತಪ್ಪಿಸುವವರಲ್ಲ.

ಹಳೆಯ ಕಾದಂಬರಿಗಳು ಅಂಗಡಿಯಲ್ಲಿ ಸಿಗದಾದಾಗ ಮಗಳು ಸ್ಮೃತಿ ತನ್ನ ಟ್ಯಾಬ್ಲೆಟ್ಟಿಗೆ ಇ-ಪುಸ್ತಕ ತುಂಬಿಸಿ ಕೊಟ್ಟಳು. ಸತ್ಯವತಮ್ಮನಿಗೆ ಅದು ಹಿಡಿಸಿತು. ದಿನವೂ ಊಟ ಆದ ಮೇಲೆ ಬಿಸಿಲಿಗೆ ಕಿಟಕಿ ಪರದೆ ಎಳೆದು, ಫ್ಯಾನು ಮುಖಕ್ಕೆ ಬೀಸುವಂತೆ ತಿರುಗಿಸಿಕೊಂಡು, ಶುಕ್ರವಾರಕ್ಕೆ ತಾಲೀಮು ಮಾಡಲು ಕೂತರೆ ಎರಡು ಗಂಟೆ ಹೊತ್ತು ಏಳುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಕಣ್ಣು ಕೆಂಪಾಗಿ ಉರಿಯಲು ಶುರುವಾಯಿತು. ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಸಂಜೆಯಾದರೆ ಹಣೆ ಸಿಡಿಯುತ್ತಿತ್ತು. ಸತ್ಯವತಮ್ಮ ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಬಾಲ್ಕನಿಗೆ ಓಡಾಡುತ್ತಿದ್ದರು. ಎಲ್ಲಿ ನಿಂತರೂ ನೆಮ್ಮದಿಯಿಲ್ಲ.

ಯಜಮಾನರು ಸೇತುರಾಮ ಪೇಪರು ಮಡಚಿಟ್ಟು ಹೇಳಿದರು, "ಅದು ಪುಸ್ತಕ ಅಲ್ಲ ಕಣೇ, ಟ್ಯೂಬ್‌ಲೈಟು. ದಿನಾ ಎರಡು ಗಂಟೆ ಟ್ಯೂಬ್‌ಲೈಟ್ ದಿಟ್ಟಿಸ್ಕೊಂಡು ಕೂತ್ರೆ ಕಣ್ಣು ಉರೀದೆ ತಂಪಾಗುತ್ತಾ?"

"ಹಾಗಾದ್ರೆ ಓದೋದು ಬಿಟ್ಬಿಡ್ಲಾ?"

"ಕಣ್ಣಿನ ಡಾಕ್ಟ್ರಿಗೆ ತೋರ್ಸು."

"ನಾನು ಬರಲ್ಲ. ಅವ್ರು ಹೇಳೋದು ನಂಗೆ ಗೊತ್ತು. ಓದೋದು ನಿಲ್ಸಿ ಅಂತಾರೆ."

ಇದು ಬಾಯಿಮಾತು. ಒಳಗಿನ ಭಯ ಬೇರೆಯೇ ಇತ್ತು. ಸತ್ಯವತಮ್ಮನ ತಾಯಿಗೆ ಅರವತ್ತರ ಹೊತ್ತಿಗೆ ಪಕ್ಕದಲ್ಲಿ ಕೂತವರು ಕಾಣುತ್ತಿರಲಿಲ್ಲ, ಎದುರಿಗೆ ಇದ್ದದ್ದು ಮಾತ್ರ ಕಾಣುತ್ತಿತ್ತು. ಆಮೇಲೆ ಅದೂ ಹೋಯಿತು. ಕಡೆಯ ಹನ್ನೊಂದು ವರ್ಷ ಆಕೆ ಗೋಡೆ ಸವರಿಕೊಂಡೇ ಓಡಾಡಿದರು. ತನಗೂ ಅದೇ ಗತಿ ಬಂತು ಅನ್ನುವುದು ಸತ್ಯವತಮ್ಮನ ಎದೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟರು ಹೇಳಿದರೆ ಅದು ನಿಜವಾಗುತ್ತದೆ, ಹೇಳದಿದ್ದರೆ ಇನ್ನೂ ನಿಜವಲ್ಲ. ಭಯ ಬಿದ್ದವರ ಲೆಕ್ಕಾಚಾರ ಯಾವಾಗಲೂ ಹೀಗೇ.

ಅವರು ಹುಡುಕಿಕೊಂಡ ಮದ್ದು ಫ್ರಿಜ್ಜಿನ ಬಾಗಿಲಲ್ಲಿ ಸಿಕ್ಕಿತು. ಹಿಂದಿನ ವರ್ಷ ಸೇತುರಾಮರ ಕಣ್ಣಿನ ಪೊರೆ ಆಪರೇಷನ್ ಆದಾಗ ಬರೆದುಕೊಟ್ಟಿದ್ದ ಡ್ರಾಪ್ಸು ಅರ್ಧ ಉಳಿದಿತ್ತು. ಅವರಿಗೆ ಒಳ್ಳೆಯದಾಗಿತ್ತಲ್ಲ, ತನಗೆ ಆಗದೇ ಇರುತ್ತದೆಯೇ? ಎರಡು ಹನಿ ಬಿಟ್ಟುಕೊಂಡರು. ಒಂದೆರಡು ದಿನದಲ್ಲಿ ಕೆಂಪು ಇಳಿಯಿತು, ಉರಿ ತಗ್ಗಿತು. ಅಲ್ಲಿಂದ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅದೇ. ಬಾಟ್ಲಿ ಖಾಲಿಯಾದಾಗ ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಿ, "ಯಜಮಾನ್ರಿಗೆ" ಅಂತ ಸುಳ್ಳು ಹೇಳಿ ಇನ್ನೊಂದು ತಂದರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಈ ನಡುವೆ ಸೇತುರಾಮರು ಸುಮ್ಮನಿರಲಿಲ್ಲ. ಬೆಳಕು ಕಣ್ಣಿಗೆ ಹೊಡೆಯದ ಇ-ಇಂಕ್ ರೀಡರ್ ಅಂತ ಒಂದು ಬರುತ್ತದೆ, ಕಾಗದದ ಹಾಗೇ ಇರುತ್ತದೆ ಅಂತ ಯಾರಿಂದಲೋ ಕೇಳಿ, ಸ್ಮೃತಿಯ ಬೆನ್ನು ಹತ್ತಿ ಅದನ್ನು ತರಿಸಿದರು. ಬೂದು ಬಣ್ಣದ ಅಂಗೈಯಗಲದ ಪರದೆ. ಹೊಸ ಇ-ಪುಸ್ತಕ ಹಾಕಿದ ಮೊದಲೆರಡು ದಿನ ಸತ್ಯವತಮ್ಮನಿಗೆ ಸ್ವರ್ಗವೇ ಸಿಕ್ಕಿತು. ಮೂರನೆಯ ದಿನ ಸಂಘದ ಕಾದಂಬರಿಯನ್ನು ಹಾಕಿದರು. ಅದು ಹಳೆಯ ಪುಸ್ತಕದ ಪುಟಗಳನ್ನು ಫೋಟೋ ಹಿಡಿದ ಪ್ರತಿ. ಆ ಪುಟ್ಟ ಪರದೆಯಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟಾಯಿತು. ಕಿಟಕಿ ಪರದೆ ಎಳೆದ ಹಾಲಿನ ಮಬ್ಬಿನಲ್ಲಿ ರೀಡರನ್ನು ಮೂಗಿನ ತುದಿಗೆ ಹಿಡಿದು ಓದಿದರು. ಸಂಜೆಗೆ ತಲೆ ಮತ್ತೆ ಸಿಡಿಯಿತು.

ಸೇತುರಾಮರಿಗೆ ಬೇಜಾರಾಯಿತು. "ಇದೂ ಸರಿ ಇಲ್ವಾ? ಇನ್ನೇನು ತಂದ್ಕೊಡ್ಲಿ, ತಾಳೇಗರಿನಾ?"

ಸತ್ಯವತಮ್ಮ ನಗಲಿಲ್ಲ. ಟ್ಯಾಬ್ಲೆಟ್ಟಿನ ತಪ್ಪಲ್ಲ, ರೀಡರಿನ ತಪ್ಪಲ್ಲ ಅಂದಮೇಲೆ ಕೆಟ್ಟಿರುವುದು ತನ್ನ ಕಣ್ಣೇ ಅಂತ ತೀರ್ಮಾನ ಮಾಡಿಕೊಂಡರು. ಮೂರು ಸಲ ಹಾಕುತ್ತಿದ್ದ ಡ್ರಾಪ್ಸು ಐದು ಸಲವಾಯಿತು.

ಮುಂದಿನ ಶುಕ್ರವಾರ ಕಾದಂಬರಿ ಮುಗಿಯಲು ಮೂರೇ ಅಧ್ಯಾಯ ಇತ್ತು. ಅವತ್ತು ಮಹಡಿ ಮನೆಯ ದೀಪ್ತಿಗೂ ರಜೆ. ವಿಜಯನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ. ಕಥೆ ಕೇಳಲು ಕೆಳಗಿಳಿದು ಬಂದಿದ್ದಳು. ಎರಡು ವರ್ಷದಿಂದ ತಲೆಯ ಮೇಲೇ ಇದ್ದಾಳೆ, ಸತ್ಯವತಮ್ಮ ಒಂದು ಮಾತು ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಮಹಡಿ ಗಿಡವೂ ಅಷ್ಟೇ.

ಓದುತ್ತಾ ಓದುತ್ತಾ ಸತ್ಯವತಮ್ಮ ವಾಕ್ಯದ ಮಧ್ಯೆಯೇ ನಿಲ್ಲಿಸಿ ಎದ್ದರು. ಅಡುಗೆಮನೆಗೆ ಹೋಗಿ ಕತ್ತೆತ್ತಿ ಹನಿ ಬಿಟ್ಟುಕೊಳ್ಳುವಾಗ, ನೀರು ಕುಡಿಯಲು ಬಂದ ದೀಪ್ತಿ ಬಾಗಿಲಲ್ಲಿ ನಿಂತಿದ್ದಳು.

"ಆಂಟಿ, ಅದು ಯಾವ ಡ್ರಾಪ್ಸು? ಕೊಡಿ ನೋಡೋಣ."

"ಏನಿಲ್ಲ ಕಣೇ, ತಂಪಿಗೆ."

ದೀಪ್ತಿ ಬಾಟ್ಲಿ ಓದಿದಳು. ಅವಳ ಮುಖ ಬದಲಾಯಿತು. "ಇದ್ರಲ್ಲಿ ಸ್ಟೀರಾಯ್ಡ್ ಇದೆ. ಎಷ್ಟು ದಿನದಿಂದ ಹಾಕ್ತಿದೀರಾ?"

"ಎರಡು ತಿಂಗ್ಳು ಆಗಿರ್ಬೋದು."

"ಡಾಕ್ಟ್ರು ಬರೆದುಕೊಟ್ಟಿದ್ದಾ?"

"ನಮ್ಮೋರಿಗೆ ಬರೆದಿದ್ದು."

ಅಷ್ಟರಲ್ಲಿ ಹಿಂದೆಯೇ ಬಂದಿದ್ದ ಚಿಕ್ಕಗಂಗಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ತಾಯಿ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತಲ್ಲವ್ವಾ!"

ಹಾಲಿನಿಂದ ಸೇತುರಾಮರೂ ಬಂದರು. ದೀಪ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಆಪರೇಷನ್ ಆದವ್ರಿಗೆ ಡಾಕ್ಟ್ರು ಹೇಳಿದಷ್ಟು ದಿನ ಇದು ಒಳ್ಳೇದೇ. ಆದ್ರೆ ನಾವೇ ಹಾಕ್ಕೊಂಡ್ರೆ ಕಣ್ಣಿನ ಒಳಗಿನ ಪ್ರೆಷರ್ ಏರಬಹುದು. ನೋವೇ ಇರಲ್ಲ, ಗೊತ್ತೇ ಆಗಲ್ಲ. ಹಾಗೇ ಬಿಟ್ರೆ ನರ ಹಾಳಾಗುತ್ತೆ. ಅದು ವಾಪಸ್ ಬರಲ್ಲ ಆಂಟಿ. ನಿಮ್ಮ ಮನೇಲಿ ಯಾರಿಗಾದ್ರೂ ಕಣ್ಣಿನ ತೊಂದ್ರೆ ಇತ್ತಾ?"

ಸತ್ಯವತಮ್ಮ ಸಿಂಕಿನ ಅಂಚು ಹಿಡಿದುಕೊಂಡರು. ತಾಯಿಯ ಸಂಗತಿಯನ್ನು ಮದುವೆಯಾದ ಇಷ್ಟು ವರ್ಷದಲ್ಲಿ ಗಂಡನಿಗೂ ಪೂರ್ತಿ ಹೇಳಿರಲಿಲ್ಲ, ಈಗ ಹೇಳಿದರು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ಅವತ್ತು ಓದು ಮುಂದುವರಿಯಲಿಲ್ಲ. ಬತ್ತಿಗಳ ಗತಿ ಕೇಳಬೇಡಿ.

ಮಾರನೆಯ ಬೆಳಗ್ಗೆ ದೀಪ್ತಿಯೇ ಗಂಡ ಹೆಂಡತಿ ಇಬ್ಬರನ್ನೂ ತನ್ನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಸತ್ಯವತಮ್ಮ ಒಂದು ಕಣ್ಣು ಮುಚ್ಚಿ ಅಂಗಡಿ ಬೋರ್ಡು ಓದುವುದು, ಇನ್ನೊಂದು ಮುಚ್ಚಿ ಓದುವುದು, ದಾರಿಯುದ್ದಕ್ಕೂ ಇದೇ. ಪಕ್ಕದಲ್ಲಿದ್ದ ಸೇತುರಾಮರು ಕಾಣುತ್ತಾರೋ ಇಲ್ಲವೋ ಅಂತ ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದರು.

ಡಾಕ್ಟರ್ ಚನ್ನವೀರಪ್ಪ ಪ್ರೆಷರ್ ಅಳೆದರು, ಕಣ್ಣಿನ ಹಿಂದಿನ ನರ ನೋಡಿದರು, ಇನ್ನೂ ಒಂದೆರಡು ಪರೀಕ್ಷೆ ಮಾಡಿಸಿದರು.

"ಪ್ರೆಷರ್ ಜಾಸ್ತಿ ಆಗಿದೆಯಮ್ಮ. ಆದ್ರೆ ನರಕ್ಕೆ ಪೆಟ್ಟು ಬಿದ್ದಿಲ್ಲ. ಸರಿಯಾದ ಟೈಮಿಗೆ ಬಂದಿದೀರಾ. ಆ ಡ್ರಾಪ್ಸು ಇವತ್ತಿಂದ ಬಂದ್. ಪ್ರೆಷರ್ ಇಳಿಯೋಕೆ ಬೇರೆ ಬರ್ಕೊಡ್ತೀನಿ. ಎರಡು ವಾರ ಬಿಟ್ಟು ಬನ್ನಿ."

"ಮತ್ತೆ ಆ ಉರಿ ಸಾರ್?"

"ಕಣ್ಣು ಒಣಗ್ತಿತ್ತು, ಅಷ್ಟೇ. ಕನ್ನಡಕದ ನಂಬರ್ ಕೂಡ ಹಳೇದು."

ಸತ್ಯವತಮ್ಮ ಕೇಳಬೇಕಾದ್ದನ್ನು ಕಡೆಗೆ ಕೇಳಿದರು. "ಓದೋದು ನಿಲ್ಲಿಸ್ಬೇಕಾ ಸಾರ್?"

"ಯಾಕಮ್ಮ? ಓದಿದ್ರಿಂದ ಯಾರ ಕಣ್ಣೂ ಹೋಗಲ್ಲ. ತೋರಿಸ್ಕೊಳ್ದೇ ಇದ್ರೆ ಹೋಗುತ್ತೆ."

ಎರಡು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಸತ್ಯವತಮ್ಮನಿಗೆ ಆ ಕುರ್ಚಿಯಲ್ಲೇ ನಿದ್ದೆ ಬರುವ ಹಾಗಾಯಿತು.

ಮನೆಗೆ ಬಂದ ಮೇಲೆ ದೀಪ್ತಿ ಟ್ಯಾಬ್ಲೆಟ್ಟು, ರೀಡರು ಎರಡನ್ನೂ ಮೇಜಿನ ಮೇಲಿಟ್ಟಳು.

ಸೇತುರಾಮರು ಬಿಡುವವರಲ್ಲ. "ಹೇಳಮ್ಮ, ಇವೆರಡರಲ್ಲಿ ಯಾವುದು ಒಳ್ಳೇದು?"

"ಎರಡೂ ಕಣ್ಣು ತಿನ್ನಲ್ಲ ಅಂಕಲ್. ಟ್ಯಾಬ್ಲೆಟ್ಟು ತಾನೇ ಬೆಳಕು ಬಿಡುತ್ತೆ. ಕಿಟಕಿ ಪರದೆ ಎಳೆದಿರೋ ಕೋಣೇಲಿ ಅದು ಜೋರಾಗಿ ಉರೀತಿದ್ರೆ ಕಣ್ಣಿಗೆ ಹಿಂಸೆ. ಬ್ರೈಟ್‌ನೆಸ್ ಕೋಣೆ ಬೆಳಕಿಗೆ ತಕ್ಕಷ್ಟು ಇಳಿಸಿದ್ರೆ ಆಯ್ತು. ಈ ರೀಡರು ಕೋಣೆ ಬೆಳಕಲ್ಲೇ ಕಾಣುತ್ತೆ, ಕಾಗದದ ಥರ. ತುಂಬಾ ಹೊತ್ತು ಓದೋರಲ್ಲಿ ಎಷ್ಟೋ ಜನಕ್ಕೆ ಇದೇ ಹಿತ. ಆದ್ರೆ ಮಬ್ಬಲ್ಲಿ ಕೂತ್ರೆ ಇದಕ್ಕೂ ದೀಪ ಬೇಕು. ಫೋಟೋ ಹಿಡಿದ ಪುಟಕ್ಕೆ ದೊಡ್ಡ ಪರದೆನೇ ವಾಸಿ, ಅಕ್ಷರ ಹಿಗ್ಗಿಸ್ಬೋದು."

"ಹಾಗಾದ್ರೆ ನಂಗೆ ಉರಿ ಬಂದಿದ್ದು ಯಾಕೆ?" ಅಂದರು ಸತ್ಯವತಮ್ಮ.

"ಕಥೆ ರುಚಿಯಾಗಿದ್ರೆ ರೆಪ್ಪೆ ಹೊಡೆಯೋದೇ ಮರೀತೀವಿ ಆಂಟಿ. ರೆಪ್ಪೆ ಹೊಡೀದಿದ್ರೆ ಕಣ್ಣು ಒಣಗುತ್ತೆ. ಅದ್ರ ಮೇಲೆ ಫ್ಯಾನು ಬೇರೆ ಮುಖಕ್ಕೆ. ಯಾವ ಪರದೆ ಆದ್ರೂ ಒಂದು ಮೊಳ ದೂರ ಹಿಡ್ಕೊಳ್ಳಿ. ಇಪ್ಪತ್ತು ನಿಮಿಷಕ್ಕೊಂದ್ಸಲ ತಲೆ ಎತ್ತಿ, ಇಪ್ಪತ್ತು ಸೆಕೆಂಡು ರಸ್ತೆ ಆ ಕಡೆ ಮರ ನೋಡಿ."

"ಓದ್ತಾ ಇರೋವಾಗ ಗಡಿಯಾರ ಯಾರು ನೋಡ್ತಾರೆ?"

"ನಾನಿಲ್ವಾ?" ಅಂದರು ಸೇತುರಾಮರು.

ಎರಡು ವಾರಕ್ಕೆ ಪ್ರೆಷರ್ ಇಳಿಯತೊಡಗಿತ್ತು, ಆರು ವಾರಕ್ಕೆ ಸರಿಹೋಯಿತು. ತಾಯಿಗೂ ಕಣ್ಣಿನ ಪ್ರೆಷರಿನಿಂದಲೇ ದೃಷ್ಟಿ ಹೋಗಿದ್ದಿರಬೇಕು, ಆದ್ದರಿಂದ ಪ್ರತಿ ವರ್ಷ ತೋರಿಸಲೇಬೇಕು ಅಂತ ಡಾಕ್ಟರು ಗಟ್ಟಿಯಾಗಿ ಹೇಳಿ ಕಳಿಸಿದರು. ಮಗಳು ಸ್ಮೃತಿಯೂ ತೋರಿಸಿಕೊಂಡಳು. ಸಂಘದ ಒಂಬತ್ತು ಜನವೂ ಒಂದೇ ದಿನ ಕ್ಲಿನಿಕ್ಕಿಗೆ ನುಗ್ಗಿ ಕುರ್ಚಿ ಸಾಲದಂತೆ ಮಾಡಿದರು. ಚಿಕ್ಕಗಂಗಮ್ಮನಿಗೆ ಪೊರೆ ಬಂದಿರುವುದು ಅವತ್ತೇ ಗೊತ್ತಾದದ್ದು. "ಓದೋಕ್ ಬರಲ್ಲ, ಕಣ್ಣು ತಗೊಂಡ್ ಏನ್ ಮಾಡ್ಲಿ ಅನ್ಕೊಂಡಿದ್ದೆ ಕಣವ್ವಾ," ಅಂದರು ಆಕೆ. ಆಕೆಯ ಆಪರೇಷನ್ನಿಗೆ ಜೊತೆಗೆ ಹೋಗಿ ಕೂತವರು ಸತ್ಯವತಮ್ಮನೇ.

ಇನ್ನು ನಿಮ್ಮ ವಿಷಯಕ್ಕೆ ಬರೋಣ. ಓದುಗರೇ, ಟ್ಯಾಬ್ಲೆಟ್ಟೋ, ಇ-ಇಂಕೋ, ಕಾಗದವೋ, ನಿಮಗೆ ಹಿತವಾದದ್ದರಲ್ಲಿ ಓದಿ, ಹೊಟ್ಟೆ ತುಂಬ ಓದಿ. ಆದರೆ ಒಬ್ಬರಿಗೆ ಬರೆದ ಕಣ್ಣಿನ ಮದ್ದನ್ನು ಇನ್ನೊಬ್ಬರು ಹಾಕಿಕೊಳ್ಳಬೇಡಿ. ನಿಮಗೇ ಬರೆದದ್ದಾದರೆ ಡಾಕ್ಟರನ್ನು ಕೇಳದೆ ನಿಲ್ಲಿಸಲೂ ಬೇಡಿ. ನಲವತ್ತು ದಾಟಿದ್ದರೆ, ಮನೆಯಲ್ಲಿ ಯಾರಾದರೂ ದೃಷ್ಟಿ ಕಳೆದುಕೊಂಡಿದ್ದರೆ, ನೋವಿಲ್ಲ ಅಂತ ಸುಮ್ಮನಿರದೆ ಕಣ್ಣು ತೋರಿಸಿ.

ಈ ಹಾಳೆಯನ್ನೋ ಪರದೆಯನ್ನೋ ನೀವೀಗ ಎಷ್ಟು ದೂರ ಹಿಡಿದಿದ್ದೀರಿ? ಓದಲು ಕೂತ ಮೇಲೆ ಒಮ್ಮೆಯಾದರೂ ಕಿಟಕಿಯಾಚೆ ನೋಡಿದಿರಾ? ಈಗ ನೋಡಿ. ನೋಡಿದ ಮೇಲೆ ಮನೆಯವರಲ್ಲಿ ಒಬ್ಬರನ್ನು ಕರೆದು, ಕಣ್ಣು ತೋರಿಸಿ ಎಷ್ಟು ವರ್ಷವಾಯಿತು ಅಂತ ಕೇಳಿ. ಅವರು ಯೋಚನೆ ಮಾಡಲು ಶುರುಮಾಡಿದರೆ, ನಾಳೆಯೇ ಹೊರಡಿಸಿ. ನೀವೂ ಜೊತೆಗೆ ಹೋಗಿ.